ಕಣಜಗಳಿಗೆ ಮಹಡಿ ಬಿಟ್ಟುಕೊಡದ ಇಸ್ತ್ರಿಯಕ್ಕ

ಶಾಲೆಯ ಮೇಷ್ಟ್ರಾಗಿ ನಾನು ಆ ಕಟ್ಟಡದ ಕೆಳಮನೆಗೆ ಬಾಡಿಗೆಗೆ ಬಂದ ದಿನ, ಸಾಮಾನು ಇಳಿಸುವ ಮೊದಲೇ ಮೇಲಿನಿಂದ ನನ್ನ ಹಾಸಿಗೆಯ ಸುರುಳಿಯ ಮೇಲೆ ನೀಲಿ ನೀರು ಸುರಿಯಿತು. ತಲೆಯೆತ್ತಿ ನೋಡಿದೆ. ಮೇಲ್ಮಹಡಿಯ ತಾರಸಿಯಲ್ಲಿ ಒಬ್ಬ ಗಂಡಸು ಏಣಿಯೇರಿ ನಿಂತಿದ್ದ. ಅವನ ಕೈಯಲ್ಲಿದ್ದ ಕೋಲಿನ ತುದಿಯಲ್ಲಿ ಬಟ್ಟೆಯ ಪಂಜೊಂದು ಹೊಗೆಯಾಡುತ್ತಿತ್ತು. ಏಣಿಯ ಬುಡದಲ್ಲಿ ಖಾಲಿ ಬಕೀಟು ಹಿಡಿದ ಹೆಂಗಸು. ಬಿಳಿ ಬಟ್ಟೆಗೆಂದು ನೀಲಿ ಕಲಸಿಟ್ಟಿದ್ದ ನೀರನ್ನು ಆಕೆ ಪಂಜಿನ ಮೇಲೂ ಪಂಜು ಹಿಡಿದವನ ಮೇಲೂ ಒಟ್ಟಿಗೇ ಎರಚಿದ್ದಳು.

"ಸೂರು ಮರದ್ದು, ಅಣ್ಣಾ. ಹುಳ ಸುಡೋಕೆ ಹೋಗಿ ನನ್ನ ಮನೆ ಸುಡ್ತೀಯಾ?" ಎಂದು ಕೇಳುತ್ತಿದ್ದಳು.

"ನೀನು ಬದುಕಿದ್ರೆ ತಾನೇ ಮನೆ," ಎಂದ ಅಣ್ಣ, ಮೂಗಿನ ತುದಿಯಿಂದ ನೀಲಿ ಹನಿ ತೊಟ್ಟಿಕ್ಕಿಸುತ್ತ.

ಆ ಮಾತು ತಮಾಷೆಯದಲ್ಲವೆಂದು ನನಗೆ ತಿಳಿದದ್ದು ಸಂಜೆ, ಆಕೆ ನನ್ನ ಹಾಸಿಗೆಯ ಹೊದಿಕೆಯನ್ನು ತಾನೇ ಒಗೆದು, ಇಸ್ತ್ರಿ ಮಾಡಿ, ಮಡಿಸಿ ತಂದುಕೊಟ್ಟಾಗ. ಬೀದಿಯವರೆಲ್ಲ ಆಕೆಯನ್ನು ಇಸ್ತ್ರಿಯಕ್ಕ ಎನ್ನುತ್ತಿದ್ದರು. ಮೇಲಿನ ಒಂದೇ ಕೋಣೆಯಲ್ಲಿ ಆಕೆಯ ವಾಸ, ಅಲ್ಲಿಯೇ ಕೆಲಸ. ಕಂಬಳಿ ಹಾಸಿದ ಉದ್ದನೆಯ ಮೇಜು, ಅದರ ಮೇಲೆ ಇಸ್ತ್ರಿಪೆಟ್ಟಿಗೆ, ಮೂಲೆಯಲ್ಲಿ ಒಂದು ಮಂಚ. ಬಾಗಿಲು ತೆರೆದರೆ ತಾರಸಿ, ತಾರಸಿಯ ತುಂಬ ಹಗ್ಗ. ಬೀದಿಯ ಅರ್ಧದಷ್ಟು ಅಂಗಿಗಳು ಆ ಹಗ್ಗಗಳ ಮೇಲೆ ಬಿಸಿಲು ಕಾಯುತ್ತಿದ್ದವು.

ಹಿಂದಿನ ವರ್ಷ ಒಣಗಿದ ಅಂಗಿಯೊಂದರ ತೋಳನ್ನು ತಿರುವಿಹಾಕಲು ಒಳಗೆ ಕೈ ಹಾಕಿದಾಗ ಅಲ್ಲಿ ಕುಳಿತಿದ್ದ ಕಣಜದ ಹುಳ ಕುಟುಕಿತಂತೆ. ಮೆಟ್ಟಿಲು ಇಳಿಯುವಷ್ಟರಲ್ಲಿ ಗಂಟಲು ಬಿಗಿದು, ಕಣ್ಣು ಕತ್ತಲೆಗಟ್ಟಿ, ಆಸ್ಪತ್ರೆ ಸೇರಿದಳು. ಬೇರೆಯವರಿಗೆ ಎರಡು ದಿನದ ಉರಿ, ಊತ. ನಿಮ್ಮ ಮೈಗೆ ಮಾತ್ರ ಅದು ವಿಷವೇ, ಇನ್ನೊಂದು ಸಲ ಕುಟುಕಿದರೆ ಬದುಕುವ ಭರವಸೆಯಿಲ್ಲ ಎಂದು ಡಾಕ್ಟರು ಹೇಳಿ, ತೊಡೆಗೆ ತಾನೇ ಚುಚ್ಚಿಕೊಳ್ಳಬಹುದಾದ, ಪೆನ್ನಿನಂಥ ಸೂಜಿಮದ್ದೊಂದನ್ನು ಕೊಟ್ಟಿದ್ದರು. ಆಕೆಯ ಮೇಲಂಗಿಯ ಜೇಬಿನಲ್ಲಿ ಅದು ಸದಾ ಇರುತ್ತಿತ್ತು. ಅಂದಿನಿಂದ ಕೊರಳಪಟ್ಟಿ, ತೋಳು, ಜೇಬು ಎಂದು ಒಂದೊಂದನ್ನೂ ಕೋಲಿನಿಂದ ತಟ್ಟಿ ಕೊಡವದೆ ಯಾವ ಬಟ್ಟೆಯನ್ನೂ ಹಗ್ಗದಿಂದ ತೆಗೆಯುತ್ತಿರಲಿಲ್ಲ.

ಈಗ ನೋಡಿದರೆ ಆಕೆಯ ಕೋಣೆಯ ಸೂರಿನ ಹಲಗೆಯ ಸಂದಿಯಲ್ಲೇ ಕಣಜಗಳು ಗೂಡು ಕಟ್ಟಿದ್ದವು. ಕೀಟ ತೆಗೆಯುವವರನ್ನು ಕರೆಸಿ ಎಂದು ಕಟ್ಟಡದ ಯಜಮಾನರಿಗೆ ಹೇಳಿ ಹೇಳಿ ಆಕೆಗೆ ಸಾಕಾಗಿತ್ತು. ಅವರಿಗೆ ಆ ಮಹಡಿ ಖಾಲಿಯಾದರೆ ಸಾಕಾಗಿತ್ತು. ಕಣಜಗಳು ಅವರ ಕೆಲಸವನ್ನು ಪುಕ್ಕಟೆಯಾಗಿ ಮಾಡುತ್ತಿದ್ದವು. ಅಣ್ಣ ಬಡಗಿ, ಪಕ್ಕದ ಬೀದಿಯಲ್ಲಿ ಮನೆ. ಹಿಂದಿನ ಕೋಣೆ ಖಾಲಿಯಿದೆ, ಬಂದುಬಿಡು ಎಂದು ಅವನದು ಒಂದೇ ರಾಗ. ಆ ಮನೆಗೆ ತಾರಸಿಯಿಲ್ಲ, ಬಿಸಿಲೂ ಇಲ್ಲ. ನಾನೂ ಒಮ್ಮೆ ಅಣ್ಣನ ಪರವಾಗಿ ಎರಡು ಮಾತಾಡಿ ನೋಡಿದೆ. ಆಕೆ ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು ಹೇಳಿದಳು:

"ಅತ್ತಿಗೆ ಒಳ್ಳೆಯವರು, ಮೇಷ್ಟ್ರೇ. ಆದರೆ ಅಲ್ಲಿಗೆ ಹೋದರೆ ನಾನು ಅಣ್ಣನ ಮನೇಲಿರೋ ತಂಗಿ. ಇಲ್ಲಿ ನಾನು ಇಸ್ತ್ರಿಯಕ್ಕ. ಹೆಬ್ಬೆರಳಷ್ಟಿಲ್ಲದ ಹುಳಕ್ಕೆ ಹೆದರಿ ಅದನ್ನ ಬಿಟ್ಟುಕೊಡ್ಲಾ?"

ಬಡಗಿಗೆ ಸಂದು ಕಂಡರೆ ಕೈ ಸುಮ್ಮನಿರದು. ಪಂಜಿನ ಉಪಾಯ ನೀರುಪಾಲಾದ ಮೇಲೆ, ತಂಗಿ ಬಟ್ಟೆ ಕೊಡಲು ಹೋಗಿದ್ದ ಒಂದು ತಂಪಾದ ಬೆಳಗ್ಗೆ, ಹುಳಗಳಿನ್ನೂ ಮಂಕಾಗಿದ್ದ ಹೊತ್ತು ನೋಡಿ ಅವನು ಏಣಿಯೇರಿದ. ಕಣಜಗಳು ಓಡಾಡುತ್ತಿದ್ದ ತೂತಿಗೆ ಮರದ ಪುಡಿ ಮತ್ತು ಅಂಟು ಕಲಸಿ ತುಂಬಿ, ಮೇಲೊಂದು ಪಟ್ಟಿ ಬಡಿದು, ಉಜ್ಜುಕಾಗದದಿಂದ ನುಣುಪು ಮಾಡಿ, ಎಲ್ಲಿ ಮುಚ್ಚಿದ್ದೆಂದು ಗುರುತೇ ಸಿಗದಂತೆ ಬಣ್ಣವನ್ನೂ ಹಚ್ಚಿದ. ಅಷ್ಟು ಅಚ್ಚುಕಟ್ಟಾದ ಕೆಲಸವನ್ನು ನಾನು ಮತ್ತೆ ನೋಡಿಲ್ಲ. ತಂಗಿಯೂ ಅದನ್ನು ಕಂಡು ಮೆಚ್ಚಿಕೊಂಡಳು, ಅಣ್ಣ ಎದೆಯುಬ್ಬಿಸಿದ.

ಕೆಲವು ದಿನ ಕಳೆದ ಮೇಲೆ ಇಸ್ತ್ರಿ ಮೇಜಿನ ಮೇಲ್ಗಡೆ, ಚಾವಣಿಯೊಳಗೆ ಕಾಗದ ಹರಿದಂಥ ಸಪ್ಪಳ ಶುರುವಾಯಿತು. ಬಿಳಿ ಬಣ್ಣದ ಹಲಗೆಯ ಮೇಲೆ ಅಂಗೈಯಗಲದ ಕಂದು ಕಲೆ ಮೂಡಿತು. ಅಣ್ಣ ಬಂದು ನೋಡಿ, ಮಳೆನೀರು ಸೋರುತ್ತಿದೆ ಎಂದ. ತಂಗಿಗೆ ನಂಬಿಕೆ ಬರಲಿಲ್ಲ. ನೀರು ಸದ್ದು ಮಾಡಿಕೊಂಡು ಸೋರುತ್ತದೆಯೇ ಎಂದಳು. ಅಷ್ಟರಲ್ಲಿ ಅವನು ಮೇಜು ಹತ್ತಿ, ಹಲಗೆ ಎಷ್ಟು ಕೊಳೆತಿದೆಯೆಂದು ನೋಡಲು ಉಳಿಯ ತುದಿಯಿಂದ ಕಲೆಯನ್ನು ಒತ್ತಿಯೇಬಿಟ್ಟಿದ್ದ.

ಹಲಗೆ ಕೊಳೆತಿರಲಿಲ್ಲ. ಹೊರಗಿನ ದಾರಿ ಮುಚ್ಚಿದ್ದರಿಂದ ಕಣಜಗಳು ಒಳಗಡೆಗೆ ದಾರಿ ಮಾಡಿಕೊಳ್ಳುತ್ತಿದ್ದವು. ಹಲಗೆಯನ್ನೆಲ್ಲ ಕೆರೆದು ತಿಂದು, ಬಣ್ಣದ ತೆಳುಪೊರೆಯನ್ನಷ್ಟೇ ಉಳಿಸಿದ್ದವು. ಉಳಿ ತಾಗಿದ್ದೇ ತಡ, ಪೊರೆ ಹರಿದು ಗೂಡಿನ ಹುಳಗಳೆಲ್ಲ ಅವನ ತಲೆಯ ಮೇಲೆ ಎರಗಿದವು. ಬಡಗಿ ಮೇಜಿನಿಂದ ಕೆಳಗೆ ಬಿದ್ದ, ಕಾಲು ಉಳುಕಿತು, ಏಳಲಾಗಲಿಲ್ಲ. ತಂಗಿ ಬಾಗಿಲ ಬಳಿಯಿದ್ದಳು. ಒಂದು ಹೆಜ್ಜೆ ಹಿಂದಿಟ್ಟು ಬಾಗಿಲೆಳೆದುಕೊಂಡಿದ್ದರೆ ಆಕೆಗೆ ಅಪಾಯವಿರಲಿಲ್ಲ. ಆಕೆ ಬಾಗಿಲ ಬಳಿಯಿದ್ದ ಕಂಬಳಿಯೊಂದನ್ನು ತಲೆಯ ಮೇಲೆಳೆದುಕೊಂಡು ಒಳಗೆ ಹೋದಳು. ಅಣ್ಣನ ಎರಡು ಕಂಕುಳಿಗೂ ಕೈ ಕೊಟ್ಟು ಹೊರಗೆ ಎಳೆದು, ಬಾಗಿಲು ಹಾಕಿ, ಬಾಗಿಲ ಅಡಿಯ ಸಂದಿಗೆ ಒದ್ದೆ ಟವಲು ತುರುಕಿದಳು. ಗಲಾಟೆ ಕೇಳಿ ನಾನು ಮೇಲೆ ಓಡಿ ಬಂದಾಗ ಆಕೆ ಮೆಟ್ಟಿಲ ಮೇಲೆ ಕುಳಿತು ತೊಡೆಗೆ ಸೂಜಿ ಒತ್ತಿ ಹಿಡಿದಿದ್ದಳು. ಕಾಲಿನ ಗಿಣ್ಣಿನ ಮೇಲೆ ಒಂದೇ ಒಂದು ಕೆಂಪು ಚುಕ್ಕೆ.

"ಮೊದಲು ಗಾಡಿ ಕರೀರಿ, ಮೇಷ್ಟ್ರೇ, ಆಮೇಲೆ ಗಾಬರಿಯಾಗಿ," ಎಂದಳು. ತುಟಿ ಆಗಲೇ ಊದಿತ್ತು.

ಅಣ್ಣ ತಂಗಿ ಇಬ್ಬರೂ ಆಸ್ಪತ್ರೆಯಲ್ಲಿ ಎದುರುಬದುರು ಮಲಗಿದರು. ಅವನ ಮುಖ ಕುಂಬಳಕಾಯಿಯಂತಾಗಿದ್ದರೂ ಪ್ರಾಣಕ್ಕೆ ಭಯವಿರಲಿಲ್ಲ. ಆಕೆಯದು ಒಂದು ರಾತ್ರಿ ತೂಗುಯ್ಯಾಲೆಯಲ್ಲಿದ್ದು ಕೊನೆಗೆ ದಡ ಸೇರಿತು. ಈ ನಡುವೆ ಯಜಮಾನರು ಹೆದರಿ ಕೀಟ ತೆಗೆಯುವವರನ್ನು ಕರೆಸಿದರು. ಬೆಳಗಿನ ಜಾವ ದಪ್ಪ ಬಟ್ಟೆ, ಬಲೆಯ ಟೋಪಿ ತೊಟ್ಟು ಬಂದವನು ಸೂರಿನ ತೂತನ್ನು ಮತ್ತೆ ತೆರೆದು, ಮದ್ದಿನ ಪುಡಿ ಊದಿ, ಜನ ವಾಸಿಸುವ ಗೂಡಿನ ಬಾಗಿಲನ್ನು ಯಾರಾದರೂ ಮುಚ್ಚುತ್ತಾರೆಯೇ ಎಂದು ಗೊಣಗಿ ಹೋದ. ಹುಳಗಳನ್ನು ಅವನು ಜನ ಎಂದದ್ದನ್ನು ನಾನು ಹೇಳಿದಾಗ ಇಸ್ತ್ರಿಯಕ್ಕನಿಗೆ ಬಹಳ ಹಿಡಿಸಿತು. ಆಮೇಲೆ ಅವನನ್ನು ಹುಡುಕಿಕೊಂಡು ಹೋಗಿ, ಕೇಳಬೇಕಾದ್ದನ್ನೆಲ್ಲ ಕೇಳಿ ಬಂದಳು.

ಆದರೆ ಆಸ್ಪತ್ರೆಯಿಂದ ಬಂದ ದಿನ ತಾರಸಿಯ ಬಾಗಿಲಿಗೆ ಬೀಗ ಬಿದ್ದಿತ್ತು. ಆಕೆ ಊದಿದ ಕಾಲನ್ನು ಎಳೆದುಕೊಂಡು ಯಜಮಾನರ ಬಾಗಿಲಿಗೆ ಹೋದಳು. ಜೊತೆಗೆ ನನ್ನನ್ನೂ ಕರೆದಳು.

"ಬೀಗ ತೆಗೀರಿ, ಯಜಮಾನರೇ. ಬಟ್ಟೆ ಒದ್ದೆ ಇದೆ."

"ಸಾಯೋಕೆ ನನ್ನ ಮಹಡೀನೇ ಬೇಕೇನಮ್ಮ ನಿನಗೆ?"

"ಸಾಯೋಕಲ್ಲ, ಬಟ್ಟೆ ಒಣಗಿಸೋಕೆ. ಒಂದು ವರ್ಷ ಬಿಡಿ. ಈ ಕಾಂಪೌಂಡಿನೊಳಗೆ ನಿಂಬೆಹಣ್ಣಿಗಿಂತ ದೊಡ್ಡ ಗೂಡು ಎಲ್ಲೇ ಸಿಕ್ಕಲಿ, ನಾನೇ ಗಂಟು ಕಟ್ಟಿಕೊಂಡು ಹೋಗ್ತೀನಿ. ಸಿಗಲಿಲ್ಲವಾ, ಆಮೇಲೆ ಖಾಲಿ ಮಾಡು ಅನ್ನೋ ಮಾತು ನಿಮ್ಮ ಬಾಯಲ್ಲಿ ಬರಬಾರದು. ಮೇಷ್ಟ್ರು ಸಾಕ್ಷಿ."

ಯಜಮಾನರು ನಕ್ಕು ಒಪ್ಪಿದರು. ಗೆಲುವು ತಮ್ಮದೇ ಎಂಬ ನಗು ಅದು.

ಚಳಿಗಾಲ ಬಂದು ಗೂಡುಗಳೆಲ್ಲ ಬರಿದಾದಾಗ ಆಕೆ ಅಣ್ಣನನ್ನು ಕರೆದು, ಈಗ ನಿನ್ನ ಕೈಗೆಷ್ಟು ತುರಿಕೆಯಿದೆಯೋ ಅಷ್ಟನ್ನೂ ತೀರಿಸಿಕೋ ಎಂದಳು. ಅವನು ಹಳೆಯ ಗೂಡನ್ನು ಕಿತ್ತು, ಸೂರಿನ ಒಂದೊಂದು ಸಂದಿಯನ್ನೂ ಮುಚ್ಚಿದ. ಗಾಳಿಕಿಂಡಿಗಳಿಗೆ ಸಣ್ಣ ಕಣ್ಣಿನ ಜಾಲರಿ ಬಡಿದ. ಕಸದ ಡಬ್ಬಿಗಳಿಗೆ ಬಿಗಿಯಾದ ಮುಚ್ಚಳ ಬಂತು. ಬಿಸಿಲು ಏರುವ ಕಾಲದಲ್ಲಿ ಹೆಣ್ಣುಕಣಜ ಒಂಟಿಯಾಗಿ ಬಂದು ಗೂಡಿಗೆ ಬುನಾದಿ ಹಾಕುತ್ತದೆಂದು ತಿಳಿದ ಮೇಲೆ, ದಿನಾ ಬೆಳಗ್ಗೆ ಕೋಲಿಗೆ ಕನ್ನಡಿ ಕಟ್ಟಿಕೊಂಡು ಕಿಟಕಿಯ ಮೇಲು, ಮೆಟ್ಟಿಲ ಅಡಿ, ನೀರಿನ ತೊಟ್ಟಿಯ ಹಿಂದೆ ಎಲ್ಲವನ್ನೂ ದೂರದಿಂದಲೇ ಇಣುಕಿ ನೋಡುವಳು. ಏನಾದರೂ ಕಂಡರೆ ತಾನು ಮುಟ್ಟದೆ ಅಣ್ಣನಿಗೆ ಹೇಳಿಕಳಿಸುವಳು. ಅಷ್ಟರಲ್ಲಿ ಅವನೂ ಬಲೆಯ ಟೋಪಿ ಹೊಲಿಸಿಕೊಂಡಿದ್ದ. ಕುಟುಕಿಸಿಕೊಂಡವರ ಜಾಗ್ರತೆ ಬೇರೆಯೇ.

ಅಂಗಳದಲ್ಲಿ ಯಜಮಾನರ ಅಂಜೂರದ ಮರವಿತ್ತು. ಉದುರಿ ಕೊಳೆತ ಹಣ್ಣಿಗೆ ಕಣಜಗಳು ಮುತ್ತುತ್ತಿದ್ದವು. ಹಣ್ಣು ಆಯಿಸಿ ಎಂದು ಆಕೆ ಬೆಳಗ್ಗೆ ಬೆಳಗ್ಗೆಯೇ ಅವರ ಕಿಟಕಿಯ ಕೆಳಗೆ ನಿಂತು ಕೂಗಿದಳು. ಆ ಕೂಗು ತಾಳಲಾರದೆ ಯಜಮಾನರೇ ಬಕೀಟು ಹಿಡಿದು ಬಗ್ಗತೊಡಗಿದರು. ಬೀದಿಯವರು ನಿಂತು ನೋಡಿ ಹೋಗುತ್ತಿದ್ದರು. ಬೇಲಿಯಾಚೆಯ ಪೊದೆಯಲ್ಲಿದ್ದ ಗೂಡನ್ನು ಮಾತ್ರ ಯಾರಿಗೂ ಮುಟ್ಟಗೊಡಲಿಲ್ಲ. ಅವು ತರಕಾರಿ ಗಿಡದ ಕಂಬಳಿಹುಳ ತಿನ್ನುತ್ತವೆ, ನಮ್ಮ ಗೋಡೆಗೆ ಬಾರದಿದ್ದರೆ ನಮಗೂ ಅವಕ್ಕೂ ಜಗಳವಿಲ್ಲ ಎನ್ನುವಳು. ಅಂಗಳದ ಮೂಲೆಯ ಉಗ್ರಾಣವೊಂದು ಉಳಿದಿತ್ತು. ಅದರ ಬೀಗದಕೈಯನ್ನು ನನ್ನೆದುರಿಗೇ ಕೇಳಿದಳು. ಒಳಗೆ ತಮ್ಮ ಸ್ವಂತ ಸಾಮಾನಿದೆಯೆಂದು ಯಜಮಾನರು ಕೊಡಲಿಲ್ಲ.

ವರ್ಷ ತುಂಬುತ್ತ ಬಂದಾಗ ಒಂದು ದಿನ ಯಜಮಾನರು ನಮ್ಮೆಲ್ಲರನ್ನೂ ಅಂಗಳಕ್ಕೆ ಕರೆದರು. ಉಗ್ರಾಣದ ಬಾಗಿಲು ತೆರೆದಿತ್ತು. ಒಳಗೆ ಸುತ್ತಿಟ್ಟ ಚಾಪೆಗಳ ಮೇಲ್ಗಡೆ, ತೊಲೆಗೆ ಅಂಟಿಕೊಂಡು, ತೆಂಗಿನಕಾಯಿಯಷ್ಟು ದಪ್ಪನೆಯ ಬೂದು ಗೂಡು ತೂಗುತ್ತಿತ್ತು. ಇದು ನಿಂಬೆಹಣ್ಣೇನಮ್ಮ ಎಂದು ಅವರು ಕೇಳಿದರು. ಇಸ್ತ್ರಿಯಕ್ಕನ ಮುಖ ಬಿಳಿಚಿತು. ಕಾಂಪೌಂಡಿನೊಳಗೆ ಎಲ್ಲೇ ಸಿಕ್ಕಲಿ ಎಂದಿದ್ದವಳು ಆಕೆಯೇ.

ಬಾಯಿಬಿಟ್ಟವನು ಅಣ್ಣ. ತಂಗಿ ತನ್ನ ಮನೆಗೆ ಬರಲೆಂದು ಇಷ್ಟು ದಿನ ಜಪಿಸಿದವನು ಅವನು. ಆ ಗಳಿಗೆ ಸುಮ್ಮನಿದ್ದಿದ್ದರೆ ಅವನ ಆಸೆ ತಾನಾಗಿಯೇ ಕೈಗೂಡುತ್ತಿತ್ತು.

"ಯಜಮಾನರೇ, ಬೀಗ ಹಾಕಿದ ಕೋಣೇನ ಯಾರಾದರೂ ಹೇಗೆ ಕಾಯ್ತಾರೆ? ಬೀಗದಕೈ ಕೇಳಿದಾಗ ಕೊಟ್ಟಿದ್ದರೆ ಈ ಗೂಡು ಕಡಲೆಕಾಳಷ್ಟಿರೋವಾಗಲೇ ನಾನು ಉದುರಿಸ್ತಿದ್ದೆ. ಇದು ನೀವು ಸಾಕಿದ ಗೂಡು. ನನ್ನ ತಂಗಿ ಎಲ್ಲೂ ಹೋಗೋಲ್ಲ."

ಯಜಮಾನರು ನನ್ನ ಕಡೆ ನೋಡಿದರು. ಬೀಗದಕೈ ಕೇಳಿದ್ದು ನನ್ನೆದುರಿಗೇ ಎಂದೆ. ಅವರು ಜೇಬಿನಿಂದ ಬೀಗದಕೈ ತೆಗೆದು ಇಸ್ತ್ರಿಯಕ್ಕನ ಅಂಗೈಗೆ ಹಾಕಿದರು. ಆಕೆ ಗೆದ್ದೆನೆಂದು ಬೀಗಲಿಲ್ಲ. "ಮೊದಲು ಬಾಗಿಲು ಹಾಕಿ, ಮೆಲ್ಲಗೆ. ಆಮೇಲೆ ಮಾತಾಡೋಣ," ಎಂದಳು.

ನಾನು ನಿವೃತ್ತನಾದ ಮೇಲೂ ಅದೇ ಕೆಳಮನೆಯಲ್ಲಿದ್ದೇನೆ. ಆಕೆ ಈಚೆಗೆ ಹೊಸದೊಂದು ಕೆಲಸ ಹಚ್ಚಿಕೊಂಡಿದ್ದಾಳೆ. ಕಣಜದ ವಿಷವನ್ನೇ ಚೂರು ಚೂರಾಗಿ ಮೈಗೆ ಏರಿಸಿ ಪಳಗಿಸುವ ಚಿಕಿತ್ಸೆಯಿದೆ, ಕೆಲವು ವರ್ಷ ಬೇಕು ಎಂದು ಡಾಕ್ಟರು ಹೇಳಿದ್ದೇ ಸಾಕಾಯಿತು, ತಿಂಗಳು ತಿಂಗಳೂ ಆಸ್ಪತ್ರೆಗೆ ಹೋಗಿ ತೋಳೊಡ್ಡುತ್ತಾಳೆ. ಚುಚ್ಚಿದ ಮೇಲೆ ಅಲ್ಲಿಯೇ ಬೆಂಚಿನ ಮೇಲೆ ಕೂರಿಸಿ ನೋಡಿಕೊಳ್ಳುತ್ತಾರೆ. ಆ ಹೊತ್ತಿನಲ್ಲಿ ನರ್ಸಮ್ಮನ ಕೋಟಿನ ಇಸ್ತ್ರಿ ಸರಿಯಿಲ್ಲವೆಂದು ಜಗಳ ತೆಗೆಯುತ್ತಾಳಂತೆ. ಇಷ್ಟು ವರ್ಷ ಕಚ್ಚಿಸಿಕೊಳ್ಳಬಾರದು ಅಂತ ಒದ್ದಾಡಿ, ಈಗ ತಾನೇ ಹೋಗಿ ಕಚ್ಚಿಸಿಕೊಂಡು ಬರುತ್ತಾಳೆ ಎಂದು ಅಣ್ಣ ತಲೆ ಚಚ್ಚಿಕೊಳ್ಳುತ್ತಾನೆ.

"ಅವು ಬೇಕಾದಾಗ ಕಚ್ಚೋದು ಬೇರೆ, ನಾನು ಹೇಳಿದಾಗ ಕಚ್ಚೋದು ಬೇರೆ," ಎನ್ನುತ್ತಾಳೆ ತಂಗಿ.

ಸೂಜಿಮದ್ದು ಈಗಲೂ ಜೇಬಿನಲ್ಲಿದೆ. ಸಂಜೆಗೆ ಊದಿದ ತೋಳನ್ನು ಪಕ್ಕಕ್ಕಿಟ್ಟುಕೊಂಡು ಇನ್ನೊಂದು ಕೈಯಿಂದ ಇಸ್ತ್ರಿ ಓಡಿಸುತ್ತಾಳೆ. ಬಟ್ಟೆ ಹೆಚ್ಚಾಗಿದೆ, ಹಗ್ಗ ಸಾಲುತ್ತಿಲ್ಲ. ನೀರಿನ ತೊಟ್ಟಿಯ ಆಚೆಗಿರುವ ಜಾಗವೂ ತನಗೆ ಬೇಕೆಂದು ಕಳೆದ ವಾರದಿಂದ ಪಟ್ಟು ಹಿಡಿದಿದ್ದಾಳೆ. ಯಜಮಾನರು ಇನ್ನೂ ಹೂಂ ಎಂದಿಲ್ಲ; ಹಗ್ಗ ಕಟ್ಟುವ ಕೊಕ್ಕೆಗಳನ್ನು ಮಾತ್ರ ಅಣ್ಣ ಆಗಲೇ ಅಲ್ಲಿ ಹೊಡೆದು ಹೋಗಿದ್ದಾನೆ.