ಅಲ್ಲಿ ಕನ್ನಡಮ್ಮ, ಇಲ್ಲಿ ತೆಲುಗಮ್ಮ

ಮೊನ್ನೆ ಬೆಳಗ್ಗೆ ಕೋಲಾರದ ನಮ್ಮ ಬಡಾವಣೆಯಲ್ಲಿ ರಾಜ್ಯೋತ್ಸವ. ಕೇಸರಿಬಾತಿನ ಘಮ ಗೇಟು ದಾಟಿ ಒಳಗೆ ಬಂತು. ಅದರ ಹಿಂದೆಯೇ ತಟ್ಟೆ ಹಿಡಿದುಕೊಂಡು ಪಕ್ಕದ ಬೀದಿಯ ಯಜಮಾನರೊಬ್ಬರು ಬಂದರು, ಹೆಗಲ ಮೇಲೆ ಹಳದಿ ಕೆಂಪು ಶಾಲು. "ಬೇಡ ಸಾರ್, ಸೂತಕ. ನಮ್ಮತ್ತೆ ತೀರ್ಕೊಂಡ್ರು, ಅಪ್ಪನ ಅಕ್ಕ" ಎಂದೆ. ಅವರು ಲೊಚಗುಟ್ಟಿದರು. ಅಷ್ಟಕ್ಕೇ ಹೋಗಬಹುದಿತ್ತಲ್ಲ! "ಅವ್ರು ಆಂಧ್ರದ ಕಡೆಯೋರಲ್ವಾ? ಹಂಗಾದ್ರೆ ನೀವು ತೆಲುಗೋರೋ, ಕನ್ನಡದೋರೋ?" ಎಂದು ಕೇಳಿಯೇ ಬಿಟ್ಟರು. ಸಾವಾದ ಮನೆಯ ಬಾಗಿಲಲ್ಲಿ ಕೇಳುವ ಮಾತೇ ಇದು, ನೀವೇ ಹೇಳಿ. ಮೈ ಉರಿದುಹೋಯಿತು. ಆದರೂ ಹಲ್ಲು ಕಿರಿದು ಕಳಿಸಿದೆ. ಕೋಪ ಬಂದಾಗ ಹಲ್ಲು ಕಿರಿಯುವುದು ನನ್ನ ಹುಟ್ಟುಗುಣ.

ನಮ್ಮೂರು ಮುಳಬಾಗಿಲಿನಿಂದ ತಾಯಲೂರು ದಾಟಿ ಹೋದರೆ ಆಂಧ್ರದ ಗಡಿಯಲ್ಲಿ ಸಿಗುತ್ತದೆ. ಮನೆಯಲ್ಲಿ ತೆಲುಗು, ಇಸ್ಕೂಲಿನಲ್ಲಿ ಕನ್ನಡ. ನಾನು ಕನ್ನಡದಲ್ಲಿ ತರಗತಿಗೇ ಮೊದಲು ಬಂದಾಗ ಅಪ್ಪ ಊರೆಲ್ಲ ಹೇಳಿಕೊಂಡು ತಿರುಗಿದ್ದು ತೆಲುಗಿನಲ್ಲಿ. ಅದರಲ್ಲೊಂದು ವಿಚಿತ್ರವಿದೆ ಎಂದು ಆಗ ಯಾರಿಗೂ ಹೊಳೆಯಲಿಲ್ಲ.

ನಮ್ಮ ಕಡೆ ಸೊಸೆಯಾಗಿ ಬಂದವಳನ್ನು ಅವಳ ಹೆಸರು ಹಿಡಿದು ಕರೆಯುವುದಿಲ್ಲ, ಬಂದ ಊರಿನ ಹೆಸರು ಹಿಡಿದು ಕರೆಯುತ್ತಾರೆ. ನಮ್ಮಮ್ಮ ಟೇಕಲ್ಲಿನವಳು, ಹಾಗಾಗಿ ಟೇಕಲಮ್ಮ. ಎದುರು ಮನೆಯವಳು ಲಕ್ಕೂರಮ್ಮ. ಅತ್ತೆಯ ನಿಜವಾದ ಹೆಸರು ಮುನಿವೆಂಕಟಮ್ಮ. ಅವಳನ್ನು ಆಂಧ್ರದ ಮದನಪಲ್ಲಿ ಕಡೆಗೆ ಕೊಟ್ಟರು. ಅಲ್ಲಿಯವರಿಗೆ ನಮ್ಮ ಪುಟ್ಟ ಊರಿನ ಹೆಸರು ನೆನಪಿಟ್ಟುಕೊಳ್ಳುವ ವ್ಯವಧಾನವೆಲ್ಲಿ? ಒಂದು ಇಡೀ ನಾಡಿನ ಹೆಸರನ್ನೇ ತಂದು ಅವಳ ತಲೆಯ ಮೇಲೆ ಹೊರಿಸಿದರು: ಕನ್ನಡಮ್ಮ. ಮದುವೆಯಾದ ವಾರದಿಂದ ಗಂಡ ಸಾಯುವವರೆಗೂ ಅದೇ. ಸಾರಿಗೆ ಉಪ್ಪು ಹೆಚ್ಚಾದರೆ "ಕನ್ನಡದವರೇ ಹೀಗೆ" ಎನ್ನುತ್ತಿದ್ದರಂತೆ.

ಮಕ್ಕಳಿರಲಿಲ್ಲ. ಗಂಡ ಹೋದ ಮೇಲೆ ಅಪ್ಪ ಹೋಗಿ ಕರೆತಂದ. ಅವಳು ತವರೆಂದು ಕುಣಿದುಕೊಂಡೇ ಬಂದಳು, ಪಾಪ. ಅವಳ ವಾರಿಗೆಯವರೆಲ್ಲ ಆಗಲೇ ಮಣ್ಣಾಗಿದ್ದರು. ಉಳಿದವರು ರೂಢಿಯಂತೆ ಬಂದ ಕಡೆಯನ್ನು ನೋಡಿದರು, ಹೆಸರಿಟ್ಟರು: ತೆಲುಗಮ್ಮ. ಹಾಗೆ ಕೂಗುತ್ತಿದ್ದವರೂ ತೆಲುಗಿನಲ್ಲೇ ಕೂಗುತ್ತಿದ್ದರು. ಇದಕ್ಕೆ ನಗಬೇಕೋ ಅಳಬೇಕೋ ನನಗೆ ಇವತ್ತಿಗೂ ತಿಳಿದಿಲ್ಲ.

ಅತ್ತೆ ಸುಮ್ಮನಿರುವ ಪೈಕಿಯಲ್ಲ. ಒಂದು ಹಸು ಕಟ್ಟಿದ್ದಳು. ಒಂದು ಬೆಳಗ್ಗೆ ಡೈರಿಯಲ್ಲಿ ಹಾಲು ಅಳೆಯುವ ಸೆಕ್ರೆಟರಿ "ತೆಲುಗಮ್ಮಾ, ರಾಮ್ಮಾ" ಎಂದು ತೆಲುಗಿನಲ್ಲಿ ಕೂಗಿ ಕರೆದ. ಅತ್ತೆ ಕ್ಯಾನು ಹಿಡಿದು ಕಲ್ಲಿನಂತೆ ನಿಂತಳು. ಮತ್ತೆ ಕೂಗಿದ. "ಆ ಹೆಸರಿನೋರು ಇಲ್ಲಿ ಯಾರೂ ಇಲ್ಲಪ್ಪಾ. ಇದೇ ಊರಾಗೆ ಹುಟ್ಟಿರೋ ಮುನೆಂಕಟಮ್ಮ ಅಂತ ಒಬ್ಬಳವ್ಳೆ, ಕರಿ, ಬರ್ತಾಳೆ" ಎಂದಳು. ಸಾಲಿನಲ್ಲಿದ್ದವರೆಲ್ಲ ನಕ್ಕರು. ಆಮೇಲೆ ಹೊತ್ತಾಯಿತೆಂದು ಗೊಣಗಿದರು, ಆಮೇಲೆ ಬೈದರು. ಹಾಲಿನ ಗಾಡಿ ಬಂದು ಹಾರನ್ ಹೊಡೆಯಿತು. ಹಾಲು ಒಡೆದುಹೋದೀತೆಂದು ಕೊನೆಗೆ ಅತ್ತೆಯೇ ಮುಂದೆ ಹೋಗಿ ಸುರಿದು ಬಂದಳು. ಸೋತಿದ್ದು ಅವತ್ತೇ.

ಸಂಜೆ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಾ ಹೇಳಿದಳು: "ಮದನಪಲ್ಲಿ ಬಸ್ಸಲ್ಲಿ ಕೂತಾಗ ಮಾತ್ರ ನಂಗೆ ನೆಮ್ಮದಿ ಕಣೋ. ಕಂಡಕ್ಟ್ರು ಎಲ್ಲಿಗೆ ಅಂತ ಕೇಳ್ತಾನೆ, ಎಲ್ಲಿಯೋಳು ಅಂತ ಕೇಳಲ್ಲ." ಇನ್ನೊಂದು ಕಾಯಿ ಸುಲಿದು, "ಸಾಯೋಕ್ಮುಂಚೆ ಈ ಊರೋರು ಒಂದ್ಸಲ ನನ್ನ ಹೆಸ್ರು ಹಿಡಿದು ಕರೆದ್ರೆ ಸಾಕಪ್ಪ, ಇನ್ನೇನೂ ಬೇಡ" ಎಂದಳು.

ನಾನು ಓದಿದವನಲ್ಲವೇ, ಸಮಾಧಾನ ಹೇಳಲು ಹೊರಟೆ. ಸಿಂಧೂ ನದಿಯ ಆಚೆ ದಡದವರು ಈಚೆಯವರಿಗೆಲ್ಲ ನದಿಯ ಹೆಸರಿಟ್ಟರು. ಹಿಂದೂ, ಇಂಡಿಯಾ ಎಲ್ಲ ಅಲ್ಲಿಂದಲೇ ಬಂದಿದ್ದು. ದೇಶಕ್ಕೇ ಹೆಸರಿಟ್ಟವರು ಹೊರಗಿನವರು, ನಿನ್ನದೇನು ದೊಡ್ಡದು ಅತ್ತೆ, ಎಂದೆ. ಕರುನಾಡು ಎಂದರೆ ಎತ್ತರದ ನಾಡು ಅಂತಾರೆ, ಕಪ್ಪು ಮಣ್ಣಿನ ನಾಡು ಅಂತಲೂ ಅಂತಾರೆ, ಎಂದೂ ಸೇರಿಸಿದೆ. ಅವಳು ಅಂಗಳ ನೋಡಿದಳು. "ನಮ್ಮ ಮಣ್ಣು ಕೆಂಪಲ್ವೇನೋ? ಹಂಗಾದ್ರೆ ನೀನೂ ಆಚೆಯೋನೇ ಬಿಡು" ಎಂದಳು. ನನ್ನ ಪಾಂಡಿತ್ಯ ಅಲ್ಲಿಗೆ ಮುಗಿಯಿತು. ಹೆಸರಿಟ್ಟವರು ಮರೆತುಬಿಡುತ್ತಾರೆ. ಇಡಿಸಿಕೊಂಡವರು ಅದನ್ನೇ ಹೊತ್ತು ತಿರುಗುತ್ತಾರೆ, ಅದಕ್ಕಾಗಿ ಹೊಡೆದಾಡುತ್ತಾರೆ, ಎದೆಯುಬ್ಬಿಸಿ ಜೈ ಎನ್ನುತ್ತಾರೆ. ಥೂ!

ನಿನ್ನೆ ಊರಲ್ಲಿ ಅವಳ ತಿಥಿ. ಬಸ್‌ಸ್ಟಾಪಿನಲ್ಲಿ ದೊಡ್ಡ ಫ್ಲೆಕ್ಸ್ ಕಟ್ಟಿಸಿದ್ದೆ: ಅವಳ ಫೋಟೋ, ಕೆಳಗೆ ದಪ್ಪ ಅಕ್ಷರದಲ್ಲಿ ಶ್ರೀಮತಿ ಮುನಿವೆಂಕಟಮ್ಮ. ಬದುಕಿದ್ದಾಗ ಆಗದಿದ್ದರೆ ಸತ್ತ ಮೇಲಾದರೂ ಊರು ಆ ಹೆಸರನ್ನು ಓದಲಿ ಎಂದು. ಊಟದ ಪಂಕ್ತಿ ಮುಗಿಸಿಕೊಂಡು ಹೋಗಿ ನೋಡುತ್ತೇನೆ, ಡೈರಿಯ ಸೆಕ್ರೆಟರಿ ಸ್ಟೂಲಿನಿಂದ ಇಳಿಯುತ್ತಿದ್ದಾನೆ. ಅತ್ತೆಯ ಹೆಸರಿನ ಮೇಲೆ ಬಿಳಿ ಕಾಗದ ಅಂಟಿಸಿದ್ದಾನೆ. ಕಾಗದದ ಮೇಲೆ ಅವನದೇ ಕೈಬರಹ: ತೆಲುಗಮ್ಮ.

"ಪ್ರಿಂಟಿನೋರು ಯಾರ್ದೋ ಹೆಸ್ರು ಹಾಕ್ಬಿಟ್ಟಿದ್ರು ಸಾರ್. ಜನ ಗುರುತು ಹಿಡೀತಿರಲಿಲ್ಲ, ನಾನೇ ಸರಿ ಮಾಡ್ದೆ" ಎಂದ. ಕಣ್ಣಲ್ಲಿ ನೀರಿತ್ತು ಅವನಿಗೆ. ಹುಲ್ಲಿನ ಹೊರೆ ಹೊತ್ತ ಇಬ್ಬರು ಹೆಂಗಸರು ನಿಂತು ಕೈ ಮುಗಿಯುತ್ತಿದ್ದರು. ಈ ಸಲ ನನಗೆ ಹಲ್ಲು ಕಿರಿಯಲಾಗಲಿಲ್ಲ. "ಅವಳ ಹೆಸರು ಮುನಿವೆಂಕಟಮ್ಮ! ಇದೇ ಊರಲ್ಲಿ ಹುಟ್ಟಿದೋಳು! ಮುನಿವೆಂಕಟಮ್ಮ!" ಎಂದು ನಡುಬೀದಿಯಲ್ಲಿ ಗಂಟಲು ಹರಿಯುವಂತೆ ಕೂಗಿದೆ.

ಹೆಂಗಸರಲ್ಲಿ ಒಬ್ಬಳು ಇನ್ನೊಬ್ಬಳ ಕಿವಿಯಲ್ಲಿ ಹೇಳಿದ್ದು ನನಗೂ ಕೇಳಿಸಿತು:

"ಪಾಪ, ದುಃಖಕ್ಕೆ ಏನೇನೋ ಆಡ್ತಾವ್ರೆ ಕಣೇ. ತೆಲುಗಮ್ಮ ಅಂದ್ರೆ ಪ್ರಾಣ ಇವ್ರಿಗೆ."