ಬೇಕರಿಯ ಮೆಟ್ಟಿಲಿನಿಂದ ಇಪ್ಪತ್ತು ಹೆಜ್ಜೆ

ನಮ್ಮ ಊರಿನ ಅನಿಲ ಸರಬರಾಜಿನ ಚರಿತ್ರೆ ಬರೆಯಹೊರಟವರು ಒತ್ತಡಮಾಪಕಗಳನ್ನು ಹೊಗಳಲಿ, ಕವಾಟಗಳನ್ನು ಕೊಂಡಾಡಲಿ. ನೆಲದೊಳಗೆ ಪೈಪು ಎಲ್ಲಿದೆಯೆಂಬ ಪ್ರಶ್ನೆ ಬಂದಾಗ ಮಾತ್ರ ಹೆಜ್ಜೆ ಮೇಸ್ತ್ರಿಗಳ ಕಾಲು ಹಿಡಿಯದೆ ಗತ್ಯಂತರವಿಲ್ಲ. ಮೂವತ್ತನಾಲ್ಕು ವರ್ಷಗಳ ಸೇವೆ ಮುಗಿಸಿ ಈ ತಿಂಗಳು ನಿವೃತ್ತರಾಗುತ್ತಿರುವ ಈ ಹಿರಿಯರಿಗೆ ಆ ಬಿರುದು ದೊರೆತದ್ದು ಉಗ್ರಾಣದ ಕೃಪೆಯಿಂದ.

ಮೊದಲ ಪೈಪುಗಳನ್ನು ಹೂಳುವ ಕಾಲಕ್ಕೆ ಅಳತೆಯ ಟೇಪು ಉಗ್ರಾಣದ ಬೀಗದೊಳಗೆ ಸುಖವಾಗಿತ್ತು. ಅದನ್ನು ಹೊರತರಲು ಮೂವರ ಸಹಿ ಬೇಕು. ಆ ಮೂವರಿಗೂ ಒಬ್ಬರನ್ನು ಕಂಡರೆ ಒಬ್ಬರಿಗೆ ಆಗದು! ಕಾದು ಬೇಸತ್ತ ಮೇಸ್ತ್ರಿಗಳು ತಾವೇ ನಡೆದು, "ಬೇಕರಿಯ ಮೆಟ್ಟಿಲಿನಿಂದ ದೀಪದ ಕಂಬದ ಕಡೆಗೆ ಇಪ್ಪತ್ತು ಹೆಜ್ಜೆ" ಎಂದು ರಿಜಿಸ್ಟರಿನಲ್ಲಿ ಬರೆದರು. ಹೀಗೆ ಇಡೀ ಊರು ಅವರ ಹೆಜ್ಜೆಯಲ್ಲೇ ದಾಖಲಾಯಿತು. ಯಾರೇ ರಸ್ತೆ ಅಗೆಯುವುದಿದ್ದರೂ ಮೊದಲು ಅವರು ಬಂದು, ನಡೆದು, ಹಳದಿ ಗೆರೆ ಎಳೆಯುತ್ತಿದ್ದರು.

ಅವರ ತಾಳ್ಮೆಯನ್ನು ಎಷ್ಟು ಹೇಳಿದರೂ ಕಡಿಮೆಯೇ. ಒಬ್ಬ ಅಜ್ಜಿ ವಾರಕ್ಕೆರಡು ಸಲ "ಗ್ಯಾಸ್ ವಾಸನೆ ಕಣಪ್ಪಾ" ಎಂದು ಫೋನು ಮಾಡುತ್ತಿದ್ದರು. ಪ್ರತಿ ಸಲವೂ ಹೋಗಿ, ಕೊಳವೆಯ ಕೀಲುಗಳಿಗೆ ಸೋಪಿನ ನೀರು ಹಚ್ಚಿ, ಗುಳ್ಳೆ ಏಳದ್ದನ್ನು ಅಜ್ಜಿಗೇ ತೋರಿಸಿ ಬರುತ್ತಿದ್ದರು. ಸಹೋದ್ಯೋಗಿಗಳು ನಕ್ಕರೆ, "ನಗ್ರಪ್ಪಾ, ನಗ್ರಿ. ಆಯಮ್ಮ ಫೋನ್ ಮಾಡೋದು ಬಿಟ್ರೆ ನನಗೆ ಭಯ" ಎನ್ನುತ್ತಿದ್ದರು.

ಎರಡು ವರ್ಷದ ಹಿಂದೆ ಬೇಕರಿ ಬೀದಿಯಲ್ಲಿ ಚರಂಡಿ ಕೆಲಸಕ್ಕೆ ಅಗೆಯುವ ಯಂತ್ರ ಬಂದು ನಿಂತಿತು. ಮೇಸ್ತ್ರಿಗಳು ಇಪ್ಪತ್ತು ಹೆಜ್ಜೆ ನಡೆದು ಗೆರೆ ಎಳೆದರು. ಸನಿಕೆಯಿಂದ ಹುಷಾರಾಗಿ ಅಗೆದರೆ ಬರೀ ಮಣ್ಣು! ಪ್ಲಾಸ್ಟಿಕ್ ಪೈಪಾದ್ದರಿಂದ ಲೋಹ ಪತ್ತೆ ಮಾಡುವ ಉಪಕರಣವೂ ಬಾಯಿ ಬಿಡಲಿಲ್ಲ.

"ಏನ್ ಮೇಸ್ತ್ರಿಗಳೇ, ಪೈಪು ಎದ್ದು ಮನೆಗೆ ಹೋಯ್ತಾ? ನಾನು ಮಿಷನ್ ಇಳಿಸ್ತೀನಿ" ಎಂದ ಗುತ್ತಿಗೆದಾರ.

"ಇಳಿಸಿದ್ರೆ ನನ್ನ ಮೇಲೆ ಇಳಿಸು" ಎಂದು ಮೇಸ್ತ್ರಿಗಳು ಯಂತ್ರದ ಮುಂದೆ ಕೂತುಬಿಟ್ಟರು. ಬಕೆಟ್ಟಿನ ಒಂದು ಹಲ್ಲು ತಗುಲಿದರೆ ಸಾಕು, ಬೀದಿಗೆ ಬೀದಿಯೇ ಹೊತ್ತಿಕೊಳ್ಳಬಹುದು. ಆದರೆ ಪೈಪು ಎಲ್ಲಿ? ಅವರ ಮುಖ ಸಪ್ಪಗಾಯಿತು. ತಪ್ಪು ರಿಜಿಸ್ಟರಿನದಲ್ಲ, ಮೊಣಕಾಲಿನದು; ನೋವು ಬಂದಂದಿನಿಂದ ಹೆಜ್ಜೆ ಗಿಡ್ಡವಾಗಿದ್ದುದು ಅವರಿಗೆ ಆಗಷ್ಟೇ ಹೊಳೆಯಿತು. ಇಡೀ ಊರಿನ ಪೈಪುಗಳು ಒಮ್ಮೆಲೇ ಕೈತಪ್ಪಿ ಹೋದಂತಾಗಿ ಅವರಿಗೆ ನಿಜಕ್ಕೂ ಅಳು ಬಂತು.

ಅಷ್ಟರಲ್ಲಿ, ಅವರು ಮರೆತು ಬಂದಿದ್ದ ಮೊಣಕಾಲಿನ ಪಟ್ಟಿ ಹಿಡಿದು ಅವರ ಶ್ರೀಮತಿಯವರು ಬಂದರು. ವಿಷಯ ಕೇಳಿ ಸೊಂಟಕ್ಕೆ ಸೆರಗು ಸಿಕ್ಕಿಸಿದರು.

"ಮದುವೆಯಾದಾಗಿನಿಂದ ಇವರ ಹಿಂದೆ ಓಡ್ತಾನೇ ಇದ್ದೀನಿ. ಇವರ ಒಂದು ಹೆಜ್ಜೆಗೆ ನನ್ನವು ಎರಡು. ನನ್ನ ಮೊಣಕಾಲಿಗೇನೂ ಆಗಿಲ್ಲ. ಸರೀರಿ ಎಲ್ಲ!"

ಬೇಕರಿಯ ಮೆಟ್ಟಿಲಿನಿಂದ ಎಣಿಸುತ್ತಾ ನಡೆದರು. ಮೂವತ್ತೊಂಬತ್ತಕ್ಕೆ ಯಂತ್ರದ ಬಕೆಟ್ಟು ಅಡ್ಡ ಬಂತು. "ಇದನ್ನ ಹಿಂದಕ್ಕೆ ತಗೋಪ್ಪಾ" ಎಂದರು. ಗುತ್ತಿಗೆದಾರ ತೆಪ್ಪಗೆ ತೆಗೆಸಿದ. ನಲವತ್ತನೆಯ ಹೆಜ್ಜೆಯಡಿ ಸನಿಕೆಯಿಂದ ಮೂರಡಿ ಕೆರೆದಾಗ ಹಳದಿ ಪೈಪು ಕಾಣಿಸಿತು. ಗುತ್ತಿಗೆದಾರ ಬೆವರು ಒರೆಸಿಕೊಂಡು ಬೇಕರಿಯ ಮೆಟ್ಟಿಲ ಮೇಲೆ ಕುಸಿದು ಕೂತ.

ಮರುದಿನವೇ ಮೂರು ಸಹಿಗಳೂ ಬಿದ್ದು ಟೇಪು ಹೊರಬಂತು. ಅಂದಿನಿಂದ ರಜೆಯ ದಿನಗಳಲ್ಲೆಲ್ಲ ದಂಪತಿಗಳು ಬೀದಿ ಬೀದಿ ಸುತ್ತಿ, ಆಕೆ ಎಣಿಸಿ, ಇವರು ಟೇಪು ಹಿಡಿದು, ಇಡೀ ರಿಜಿಸ್ಟರನ್ನು ಮೀಟರಿಗೆ ಇಳಿಸಿದ್ದಾರೆ. "ಅಳೆದವರು" ಎಂಬ ಕಾಲಮಿನಲ್ಲಿ ಪ್ರತಿ ಪುಟದಲ್ಲೂ ಆಕೆಯ ಸಹಿಯೇ ಇದೆ.

ಮೊನ್ನೆ ಕಚೇರಿಯಿಂದ ಇಬ್ಬರೂ ಹೊರಟಾಗ ಆಕೆ ಮುಂದಿದ್ದರು. "ಸ್ವಲ್ಪ ನಿಧಾನ ಕಣೇ" ಎಂದರು ಮೇಸ್ತ್ರಿಗಳು. "ಇಷ್ಟು ವರ್ಷ ನಾನು ಹೇಳ್ತಿದ್ದದ್ದೂ ಅದನ್ನೇ" ಎಂದು ಆಕೆ ನಿಂತರು. ಪೂಜ್ಯರು ಇನ್ನೂ ಬಹುಕಾಲ, ಬಹುದೂರ ನಡೆಯಲಿ. ಅವರು ಬರುವ ತನಕ ಆಕೆ ಹೀಗೆಯೇ ನಿಂತು ಕಾಯಲಿ.