ಹದಿನಾರು ಎಸಳಿನಲ್ಲಿ ಒಂದು ‘ಒ’

ಟೈಪಿಂಗ್ ಮಾಸ್ತರರು ‘ಹಂ’ ಎಂದರೆ ಅವರ ಗಂಟಲಮಣಿ ಮೇಲೆ ಹೋಗಿ ಅಲ್ಲೇ ನಡುಗುತ್ತ ನಿಲ್ಲುತ್ತಿತ್ತು. ಬೆರಳ ತುದಿಯಲ್ಲಿ ಸದಾ ರಿಬ್ಬನ್ನಿನ ಕಪ್ಪು. ಕುಮಟೆಯ ಅವರ ಕ್ಲಾಸಿನಲ್ಲಿ ಮೂರು ಮಷೀನುಗಳಿದ್ದವು. ಬೆಳಿಗ್ಗೆ ಅವು ಖಟಖಟ ಶುರುಮಾಡುವ ಮೊದಲು ಮಾಸ್ತರರು ಚಾಪೆ ಹಾಸಿ ಕೂತು, ಬೆನ್ನಿನ ಬುಡದಿಂದ ಹುಬ್ಬಿನ ನಡುವಿನವರೆಗೆ ಒಂದೊಂದು ಚಕ್ರಕ್ಕೂ ಅದರ ಬೀಜಾಕ್ಷರ ಹೇಳುತ್ತಿದ್ದರು: ಲಂ, ವಂ, ರಂ, ಯಂ, ಹಂ, ಓಂ.

ಅರವತ್ತರ ದಶಕದ ಮೊದಲ ವರ್ಷಗಳು. ನಾನು ಹೊನ್ನಾವರದಿಂದ ಬಸ್ಸಿನಲ್ಲಿ ಹೋಗಿ ಕಲಿಯುತ್ತಿದ್ದೆ. ನನಗೆ ಉಗ್ಗು, ಅದರಲ್ಲೂ ‘ಹ’ ಬಂತೆಂದರೆ ಮುಗಿಯಿತು. ವಾಪಸು ಬರುವಾಗ ಕಂಡಕ್ಟರನಿಗೆ ನನ್ನೂರಿನ ಹೆಸರು ಹೇಳಲಾಗದೆ ‘ಕರ್ಕಿ’ ಎಂದು ಟಿಕೆಟು ತೆಗೆದು, ಒಂದು ಊರು ಮೊದಲೇ ಇಳಿದು, ಬಿಸಿಲಲ್ಲಿ ನಡೆದು ಮನೆ ಸೇರುತ್ತಿದ್ದೆ. ಕಾಲಿನ ಬೊಬ್ಬೆ ಕಂಡು ಮಾಸ್ತರರು ಒತ್ತಾಯಿಸಿ ಕೇಳಿದಾಗ ಇದನ್ನು ಹೇಳಲೇಬೇಕಾಯಿತು.

“ಸ್ವಂತ ಊರಿನ ಹೆಸ್ರು ಹೇಳೂಕೆ ಎಂತ ಹೆದ್ರಿಕೆ ತಂಗಿ? ನಾಳೆಯಿಂದ ಬೇಗ ಬಾ.”

ಅವರ ಜತೆ ಚಾಪೆಯಲ್ಲಿ ಕೂತ ನನಗೋ ಅವಸರ, ಗಂಟಲಿನ ಚಕ್ರದ ‘ಹಂ’ ಒಂದೇ ಸಾಕಿತ್ತು. ಅವರು ಬಿಡಲಿಲ್ಲ. “ಲಂ ಇಲ್ದೆ ಹಂ ಇಲ್ಲ. ಬುಡದಿಂದ ಬಾ.” ಗಂಟಲಿನಲ್ಲಿ ಹದಿನಾರು ಎಸಳಿನ ಕಮಲ ಕಾಣಬೇಕು, ಎಸಳಿಗೊಂದು ಸ್ವರಾಕ್ಷರ ಇರಬೇಕು ಎಂದರು. ನಾನು ಶಾಲೆಯಲ್ಲಿ ಕಲಿತ ಅ, ಆ, ಇ, ಈಯನ್ನೇ ಕೂರಿಸಿದೆ. ೠ, ಅಂ, ಅಃ ಸೇರಿ ಲೆಕ್ಕ ಸರಿಯಾಗಿ ಹದಿನಾರೇ ಬಂತು! ತಿಂಗಳಾದ ಮೇಲೆ, ಎಂತ ಕಾಣ್ತದೆ ಎಂದು ಕೇಳಿದರು. ಒಂದೊಂದೇ ಎಸಳು ಹೇಳುತ್ತ ಹೋದೆ. ಗಿಡ್ಡ ‘ಎ’ಗೇ ಹುಬ್ಬು ಗಂಟಿಕ್ಕಿದವರು ‘ಒ’ ಬಂದಾಗ ಹಣೆ ಚಚ್ಚಿಕೊಂಡರು.

“ಅಯ್ಯೋ ಮಾರಾಯ್ತಿ, ಅದು ಸಂಸ್ಕೃತದ ಕಮಲ! ಅದ್ರಲ್ಲಿ ಗಿಡ್ಡ ‘ಒ’ ಎಲ್ಲಿದೆ?”

ತಿಂಗಳ ತಪಸ್ಸು ನೀರುಪಾಲಾಯಿತೆಂದು ನನಗೆ ಅಳುವೇ ಬಂತು. ಮಾಸ್ತರರು ದಡಕ್ಕನೆ ಎದ್ದು ನಿಂತರು.

“ತಡಿ ತಡಿ! ‘ಒ’ ಸೇರ್ದೆ ‘ಹ’ ಹೋಗಿ ‘ಹೊ’ ಆಗ್ತದಾ? ಅದು ಅಲ್ಲೇ ಇರ್ಲಿ. ನಿನ್ನೂರಿಗೆ ಅದೇ ಬೇಕು!”

ಅವತ್ತೇ ಬಸ್ಸಿನಲ್ಲಿ ಕೂತು ಲಂನಿಂದ ಒಂದೊಂದೇ ಮೇಲೇರಿ ಬಂದೆ. ಕಂಡಕ್ಟರ್ “ಕರ್ಕಿ ಅಲ್ದಾ?” ಎನ್ನುತ್ತ ಟಿಕೆಟು ಹರಿಯಲು ಹೊರಟ.

“ಹೊನ್ನಾವರ!”

ಇಡೀ ಬಸ್ಸು ತಿರುಗಿ ನೋಡಿತು. “ಆತು ತಂಗಿ, ಕೇಳ್ತು,” ಎಂದ ಅವನು. ಸೀಟಿನಿಂದೆದ್ದು ಕುಣಿಯಬೇಕೆನ್ನಿಸಿತು. ಯಾರೂ ಹೇಳು ಎನ್ನದಿದ್ದರೂ ಇನ್ನೊಂದು ಸಲ ಹೇಳಿದೆ.

ಉಗ್ಗು ಪೂರ್ತಿ ಹೋಯಿತೆಂದರೆ ಸುಳ್ಳಾಗುತ್ತದೆ. ಹೋದದ್ದು ಹೆದರಿಕೆ. ಕೆಲವು ವರ್ಷಗಳ ನಂತರ ಮಾಸ್ತರರು ತೀರಿಕೊಂಡಾಗ ಶಿಷ್ಯರೆಲ್ಲ ಆ ಕ್ಲಾಸಿನಲ್ಲೇ ಸೇರಿದ್ದೆವು. ಯಾರಾದರೂ ನಾಲ್ಕು ಮಾತಾಡಿ ಎಂದರು. ಮೊದಲು ಎದ್ದವಳು ನಾನು. ಎರಡು ಕಡೆ ತಡವರಿಸಿದೆ. ಆದರೆ ಹೇಳಬೇಕಾದ್ದೆಲ್ಲ ಹೇಳಿಯೇ ಕೂತೆ.